ಥಿನ್ ಕ್ಲೈಂಟ್ ಅಗ್ಗ ಸರಿ, ಖರ್ಚು ಹೋಗಿದ್ದೆಲ್ಲಿಗೆ?

ಪರೀಕ್ಷೆಗೆ ಓದುವಾಗ ಥಿನ್ ಕ್ಲೈಂಟ್ ಪಾಠವನ್ನು ಹೆಚ್ಚಿನವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. "ಥಿನ್ ಕ್ಲೈಂಟ್ ಅಂದರೆ ಹಾರ್ಡ್ ಡಿಸ್ಕ್ ಇಲ್ಲದ ಅಗ್ಗದ ಕಂಪ್ಯೂಟರ್, ಕೆಲಸವೆಲ್ಲ ಸರ್ವರ್‌ನಲ್ಲಿ." ಎರಡು ಅಂಕಕ್ಕೆ ಇಷ್ಟು ಸಾಕು. ಹತ್ತು ಅಂಕದ ಪ್ರಶ್ನೆಗೆ ಸಾಲದು. ನಾಳೆ ಯಾವುದೋ ಶಾಲೆಯವರು 40 ಸೀಟಿನ ಲ್ಯಾಬ್ ಹಾಕಿಕೊಡಿ ಅಂತ ಕೇಳಿದರೆ ಅದಕ್ಕಂತೂ ಸಾಲುವುದೇ ಇಲ್ಲ. ಹಾಗಾಗಿ ಒಂದೇ ಪ್ರಶ್ನೆ ಹಿಡಿದು ಓದೋಣ: ಮೇಜಿನ ಮೇಲಿನ ಡಬ್ಬಿಯಿಂದ ತೆಗೆದದ್ದೆಲ್ಲ ಎಲ್ಲಿಗೆ ಹೋಯಿತು? ಅದರ ಖರ್ಚು, ಜವಾಬ್ದಾರಿ ಈಗ ಯಾರ ತಲೆಮೇಲೆ?

ಹಿನ್ನೆಲೆ, ಚುಟುಕಾಗಿ

ಇದು ಹೊಸ ವಿಚಾರವಲ್ಲ. ಐಬಿಎಂ 3270 (1971), ಡಿಇಸಿ ವಿಟಿ100 (1978) ಇವೆಲ್ಲ ಟರ್ಮಿನಲ್‌ಗಳು. ಪರದೆ, ಕೀಬೋರ್ಡ್ ಮಾತ್ರ ನಿಮ್ಮದು, ಲೆಕ್ಕ ಮಾಡುವ ಯಂತ್ರ ಬೇರೆ ಕೋಣೆಯಲ್ಲಿ. 1981ರಲ್ಲಿ ಐಬಿಎಂ ಪಿಸಿ ಬಂತು, ಆ ದಶಕದಲ್ಲಿ ಲೆಕ್ಕ, ಸಂಗ್ರಹ ಎರಡೂ ಮೇಜಿನ ಮೇಲೆ ಬಂದವು. 1990ರ ದಶಕದ ನಡುವಿನಲ್ಲಿ ಒರಾಕಲ್‌ನ ಲ್ಯಾರಿ ಎಲಿಸನ್ ಮತ್ತೆ ತಿರುಗಿಸಲು ನೋಡಿದರು. 500 ಡಾಲರ್‌ನ ನೆಟ್‌ವರ್ಕ್ ಕಂಪ್ಯೂಟರ್ ಸಾಕು, ಪಿಸಿ ಯಾಕೆ ಅನ್ನುವುದು ಅವರ ವಾದ. ಅದು ಓಡಲಿಲ್ಲ. ಪಿಸಿ ಬೆಲೆಯೇ ಇಳಿಯುತ್ತಾ ಬಂತು, ಮನೆಗಳಲ್ಲಿದ್ದದ್ದು ಫೋನ್ ಲೈನಿನ ನಿಧಾನದ ಡಯಲ್‌ಅಪ್ ಮೋಡೆಮ್. ನೆಟ್ ವೇಗವಾದ ಮೇಲೆ ಅದೇ ಯೋಚನೆ 2011ರಲ್ಲಿ ಕ್ರೋಮ್‌ಬುಕ್ (ಬ್ರೌಸರನ್ನೇ ನಂಬಿ ಕೆಲಸ ಮಾಡುವ, ಗೂಗಲ್‌ನ ಲ್ಯಾಪ್‌ಟಾಪ್) ಆಗಿ ಅಂಗಡಿಗೆ ಬಂತು.

ಮೂರು ಬಗೆ, ಗೊಂದಲ ಬೇಡ

ಮೊದಲನೆಯದು ಅಪ್ಪಟ ಥಿನ್ ಕ್ಲೈಂಟ್. ನೀವು ಒತ್ತಿದ ಕೀ ಸರ್ವರ್‌ಗೆ ಹೋಗುತ್ತದೆ, ಪರದೆಯ ಚಿತ್ರ ವಾಪಸ್ ಬರುತ್ತದೆ. ಮೈಕ್ರೋಸಾಫ್ಟ್‌ನ ಆರ್‌ಡಿಪಿ, ಸಿಟ್ರಿಕ್ಸ್ ಕಂಪನಿಯ ಐಸಿಎ ಅನ್ನುವ ಪ್ರೋಟೋಕಾಲ್‌ಗಳು (ಯಂತ್ರಗಳು ಮಾತಾಡಿಕೊಳ್ಳುವ ನಿಯಮಗಳು) ಮಾಡುವುದು ಇದನ್ನೇ. ಪರದೆಯಲ್ಲಿ ಎಷ್ಟು ಭಾಗ ಬದಲಾಯಿತೋ ಸಾಮಾನ್ಯವಾಗಿ ಅಷ್ಟನ್ನೇ ಕಳಿಸುತ್ತವೆ. ಅದಕ್ಕೇ ಟೈಪಿಂಗ್, ಎಕ್ಸೆಲ್ ಕೆಲಸ ಕಡಿಮೆ ಬ್ಯಾಂಡ್‌ವಿಡ್ತ್‌ನಲ್ಲೂ (ಲೈನು ಸೆಕೆಂಡಿಗೆ ಹೊರುವ ಡೇಟಾ) ನಡೆಯುತ್ತದೆ. ವಿಡಿಯೊ ಹಾಕಿದರೆ ಪ್ರತಿ ಕ್ಷಣ ಚಿತ್ರ ಬದಲಾಗುತ್ತದೆ, ಆಗ ತಡವರಿಸುತ್ತದೆ.

ಎರಡನೆಯದು ನೆಟ್‌ವರ್ಕ್‌ನಿಂದ ಬೂಟ್ ಆಗುವುದು, ಅಂದರೆ ಶುರುವಾಗುವುದು. ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ (ಎಲ್‌ಟಿಎಸ್‌ಪಿ, 1999ರಿಂದ) ಒಳ್ಳೆಯ ಉದಾಹರಣೆ. ಡಿಸ್ಕ್ ಇಲ್ಲದ ಹಳೆಯ ಪಿಸಿ ಆನ್ ಆದ ಕೂಡಲೇ ಡಿಎಚ್‌ಸಿಪಿಯಿಂದ (ನೆಟ್‌ವರ್ಕ್‌ನಲ್ಲಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಕೇಳುತ್ತದೆ, ಆಮೇಲೆ ಸರ್ವರ್‌ನಿಂದ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ತರಿಸಿಕೊಳ್ಳುತ್ತದೆ, ಫೈಲ್ ಸಿಸ್ಟಮ್ಮನ್ನೂ ಅಲ್ಲಿಂದಲೇ ಓದುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಫ್ಯಾಟ್ ಕ್ಲೈಂಟ್ ವಿಧಾನದಲ್ಲಿ ಹೀಗೆ ಬಂದ ಪ್ರೋಗ್ರಾಂಗಳು ಓಡುವುದು ನಿಮ್ಮ ಪಿಸಿಯ ರ್‍ಯಾಮ್‌ನಲ್ಲೇ. ಸರ್ವರ್‌ನದು ಬರೀ ಫೈಲ್ ಕೊಡುವ ಕೆಲಸ.

ಮೂರನೆಯದು ಕ್ರೋಮ್‌ಬುಕ್. ಅದನ್ನು ಥಿನ್ ಕ್ಲೈಂಟ್ ಅಂತ ಬರೆದರೆ ಅರ್ಧ ಸರಿ ಅಷ್ಟೇ. ಬ್ರೌಸರ್ ಓಡುವುದು ನಿಮ್ಮ ಕೈಯಲ್ಲಿರುವ ಯಂತ್ರದಲ್ಲಿ. ಇಪ್ಪತ್ತು ಟ್ಯಾಬ್ ತೆರೆದರೆ ಸುಸ್ತಾಗುವುದೂ ಅದೇ, ಗೂಗಲ್‌ನ ಸರ್ವರ್ ಅಲ್ಲ. ಆಚೆ ಹೋಗಿರುವುದು ಮುಖ್ಯವಾಗಿ ಸಂಗ್ರಹ.

ದೂರದ ಲೆಕ್ಕ

ಬ್ಯಾಂಡ್‌ವಿಡ್ತ್ ದುಡ್ಡು ಕೊಟ್ಟರೆ ಸಿಗುತ್ತದೆ. ದೂರ ಹಾಗಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಮುಂಬೈ ನೇರ ದೂರ ಸುಮಾರು 850 ಕಿ.ಮೀ. ಹೋಗಿಬರಲು 8-9 ಮಿಲಿಸೆಕೆಂಡ್. ಸರ್ವರ್ ಅಮೆರಿಕದ ವರ್ಜೀನಿಯಾದಲ್ಲಿದ್ದರೆ ದೂರ ಸುಮಾರು 14,000 ಕಿ.ಮೀ., ಹೋಗಿಬರಲು ಕಮ್ಮಿ ಅಂದರೂ 140 ಮಿಲಿಸೆಕೆಂಡ್. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ಆದ್ದರಿಂದ ನಿಜವಾದ ಸಮಯ ಇನ್ನೂ ಜಾಸ್ತಿ. ಕೀ ಒತ್ತಿದ ಮೇಲೆ ಅಕ್ಷರ ತಡವಾಗಿ ಮೂಡುವುದು ಇದರಿಂದಲೇ. ಫೈಲ್ ಇಡುವುದಕ್ಕಾದರೆ ಈ ತಡ ಗೊತ್ತೇ ಆಗುವುದಿಲ್ಲ. ಹಾಗಾಗಿ ಸರ್ವರ್ ಯಾವ ಊರಿನಲ್ಲಿದೆ ಅನ್ನುವುದು ಕ್ಲೌಡ್ ಡೆಸ್ಕ್‌ಟಾಪ್‌ಗೆ (ನೆಟ್ ಮೂಲಕ ದೂರದ ಸರ್ವರ್‌ನಲ್ಲಿ ಓಡುವ ಕಂಪ್ಯೂಟರ್) ತುಂಬಾ ಮುಖ್ಯ, ಕ್ಲೌಡ್ ಸಂಗ್ರಹಕ್ಕೆ ಅಷ್ಟಾಗಿ ಅಲ್ಲ.

ಈಗ ದುಡ್ಡಿನ ವಿಷಯ

2025ರ ಜುಲೈನಲ್ಲಿ ಬಂದ ಜಿಯೋಪಿಸಿ ನೋಡಿ. ಟಿವಿ, ಜಿಯೋದ ಸೆಟ್‌ಟಾಪ್ ಬಾಕ್ಸ್, ಕೀಬೋರ್ಡ್, ಮೌಸ್ ಇದ್ದರೆ ಸಾಕು, ಕಂಪ್ಯೂಟರ್ ಕ್ಲೌಡ್‌ನಲ್ಲಿ ಇರುತ್ತದೆ. ಬಂದಾಗ ಶುರುವಿನ ದರ ತಿಂಗಳಿಗೆ 599 ರೂಪಾಯಿ ಇತ್ತು, ಜಿಎಸ್‌ಟಿ ಬೇರೆ. ಮೂರು ವರ್ಷಕ್ಕೆ ಗುಣಿಸಿ: 599 × 36 = 21,564. ವರ್ಷದ ಪ್ಲಾನ್ ತೆಗೆದುಕೊಂಡರೆ ತಿಂಗಳ ಲೆಕ್ಕ ಇಳಿಯುತ್ತದೆ ನಿಜ. ಆದರೆ ಕಟ್ಟುವುದು ನಿಲ್ಲಿಸಿದ ದಿನ ನಿಮ್ಮ ಹತ್ತಿರ ಉಳಿಯುವುದು ಟಿವಿ ಮತ್ತು ಕೀಬೋರ್ಡ್. ಒಂದು ಸೆಮಿಸ್ಟರ್‌ಗೆ ಮಾತ್ರ ಬೇಕು ಅನ್ನುವವರಿಗೆ ಇದು ಲಾಭ. ಐದು ವರ್ಷ ಓದುವವರಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮೇಲು ಅಂತ ನನ್ನ ಅಭಿಪ್ರಾಯ.

ಡಬ್ಬಿ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಮೈಕ್ರೋಸಾಫ್ಟ್‌ನ ಥಿನ್ ಕ್ಲೈಂಟ್ ಡಬ್ಬಿ ವಿಂಡೋಸ್ 365 ಲಿಂಕ್ 349 ಡಾಲರ್‌ಗೆ ಬಂತು. ಅದರಲ್ಲಿ ನಿಮ್ಮ ಫೈಲ್ ಇಡಲು ಜಾಗವಿಲ್ಲ, ಪ್ರೋಗ್ರಾಂ ಹಾಕಲು ಬರುವುದಿಲ್ಲ, ತಿಂಗಳ ಚಂದಾ ಪ್ರತ್ಯೇಕ. ಹಾಗಾದರೆ ಕಂಪನಿಗಳು ಯಾಕೆ ಕೊಳ್ಳುತ್ತವೆ? ಕಳುವಾದರೂ ಅದರೊಳಗೆ ಡೇಟಾ ಇರುವುದಿಲ್ಲ. ಕೆಟ್ಟರೆ ಬೇರೆ ಡಬ್ಬಿ ಇಟ್ಟು ಲಾಗಿನ್ ಆದರೆ ಮುಗಿಯಿತು. ಅವರು ದುಡ್ಡು ಕೊಡುವುದು ಆ ನೆಮ್ಮದಿಗೆ.

ಶಾಲೆಯ ಲ್ಯಾಬ್‌ನಲ್ಲಿ ಅಪ್ಪಟ ಥಿನ್ ಕ್ಲೈಂಟ್ ಹಾಕಿದರೆ ಲೆಕ್ಕ ಬೇರೆ. ಒಬ್ಬೊಬ್ಬರಿಗೆ 1 ಜಿಬಿ ರ್‍ಯಾಮ್ ಅಂದುಕೊಂಡರೂ 40 ಸೀಟಿಗೆ ಸರ್ವರ್‌ನಲ್ಲಿ 40 ಜಿಬಿ ಬೇಕು, ಬ್ರೌಸರ್ ತೆರೆದರೆ ಅದೂ ಸಾಲದು. ಜೊತೆಗೆ ಗಿಗಾಬಿಟ್ ಸ್ವಿಚ್, ಸರ್ವರ್‌ಗೆ ಯುಪಿಎಸ್. ವಿಂಡೋಸ್ ಸರ್ವರ್ ಆದರೆ ಪ್ರತಿ ಬಳಕೆದಾರನಿಗೆ ಅಥವಾ ಪ್ರತಿ ಡಬ್ಬಿಗೆ ಲೈಸೆನ್ಸ್ ಬೇಕು. ಕೊಟೇಶನ್ ಹಾಕುವಾಗ ಎಲ್ಲರೂ ಮರೆಯುವುದು ಇದನ್ನೇ. ಕರೆಂಟ್ ಮಾತ್ರ ನಿಜವಾಗಿಯೂ ಉಳಿಯುತ್ತದೆ. ಒಂದು ಥಿನ್ ಕ್ಲೈಂಟ್‌ಗೆ ಹತ್ತು ವ್ಯಾಟ್ ಆಸುಪಾಸು ಸಾಕು, ಹಾಗಾಗಿ ಪವರ್ ಕಟ್ ಆದಾಗ ಅದೇ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಆದರೆ ಸರ್ವರ್ ಬಿದ್ದರೆ ನಲವತ್ತೂ ಸೀಟು ಖಾಲಿ. ರೇಷನ್ ಅಂಗಡಿ, ನಾಡಕಚೇರಿಯ ಮುಂದೆ ನಿಂತು "ಸರ್ವರ್ ಇಲ್ಲ, ನಾಳೆ ಬನ್ನಿ" ಅಂತ ಕೇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಸಂಗ್ರಹ: ಇಲ್ಲಿ ನಿಧಾನವಾಗಿ ಓದಿ

ಸಿಂಕ್ (ಎಲ್ಲ ಕಡೆಯ ಫೈಲನ್ನೂ ಒಂದೇ ಥರ ಇಡುವುದು) ಬೇರೆ, ಬ್ಯಾಕಪ್ (ಬೇರೆಯಾಗಿ ಎತ್ತಿಟ್ಟ ಪ್ರತಿ) ಬೇರೆ. ಸಿಂಕ್ ಮಾಡುವ ಫೋಲ್ಡರ್‌ನಲ್ಲಿ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ.

ನಿಯಮಗಳೂ ಬದಲಾಗುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಚಿತ್ರ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಕಾಲೇಜುಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಜಾಗವನ್ನೂ ತೆಗೆದು ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಅಂತ ಮಾಡಿದರು. ವೈಯಕ್ತಿಕ ಖಾತೆಯನ್ನು ಎರಡು ವರ್ಷ ಮುಟ್ಟದೇ ಇದ್ದರೆ ಅಳಿಸಬಹುದು ಅನ್ನುವ ನಿಯಮವೂ ಇದೆ. ಇನ್ನು ಎಲ್ಲವನ್ನೂ ಹೊರಗೆ ತರೋಣ ಅಂದರೆ ಸಮಯ ಬೇಕು. 100 ಜಿಬಿಯನ್ನು 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಲೈನಿನಲ್ಲಿ ಇಳಿಸಿಕೊಳ್ಳಲು 40,000 ಸೆಕೆಂಡ್, ಅಂದರೆ ಹನ್ನೊಂದು ಗಂಟೆ. ಲೈನ್ ಒಮ್ಮೆಯೂ ಕಡಿಯಬಾರದು.

ಸರ್ಕಾರದವರದ್ದೇ ಕ್ಲೌಡ್ ಇದ್ದರೆ ಈ ತಾಪತ್ರಯ ಇಲ್ಲ ಅನ್ನುವವರು ದಕ್ಷಿಣ ಕೊರಿಯಾದ ಕಥೆ ಓದಬೇಕು. ಅಲ್ಲಿ 2018ರಲ್ಲಿ ಸರ್ಕಾರಿ ನೌಕರರಿಗಾಗಿ ಜಿ-ಡ್ರೈವ್ ಶುರುವಾಯಿತು. ಕೆಲಸದ ಕಡತಗಳನ್ನು ಆಫೀಸ್ ಪಿಸಿಯಲ್ಲಿ ಇಡಬೇಡಿ, ಇದರಲ್ಲೇ ಇಡಿ ಅನ್ನುವುದು ನಿಯಮ. ತಲಾ 30 ಜಿಬಿ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹತ್ತಿತು. ಜಿ-ಡ್ರೈವ್‌ನಲ್ಲಿದ್ದ 858 ಟೆರಾಬೈಟ್ ಹೋಯಿತು. ಗಾತ್ರ ದೊಡ್ಡದು ಅಂತ ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಇಲಾಖೆಗೇ ಹೆಚ್ಚು ನಷ್ಟವಾಯಿತು. ಆಮೇಲೆ ಹುಡುಕಾಡಿದ್ದು ಎಲ್ಲಿ ಗೊತ್ತಾ? ನೌಕರರ ಪಿಸಿಯಲ್ಲಿ ಉಳಿದಿದ್ದ ಫೈಲ್‌ಗಳು, ಇಮೇಲ್‌ಗಳು, ಪ್ರಿಂಟ್ ತೆಗೆದ ಕಾಗದಗಳಲ್ಲಿ.

ಉತ್ತರದಲ್ಲಿ ಬ್ಯಾಕಪ್‌ನ 3-2-1 ಸೂತ್ರ ಬರೆಯುವಾಗ ಈ ಘಟನೆಯನ್ನೇ ಉದಾಹರಣೆ ಕೊಡಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ.

ಲ್ಯಾಬ್‌ನಲ್ಲಿ ಮಾಡಿ ನೋಡಿ

ಗೂಗಲ್ ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್ ಇರುವ ವಿಂಡೋಸ್ ಪಿಸಿಯಲ್ಲಿ ಒಂದು ಗೂಗಲ್ ಡಾಕ್ಸ್ ಫೈಲಿನ ಗಾತ್ರ ನೋಡಿ, ಅದನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಲು ನೋಡಿ. ಎರರ್ ಬಂದರೆ ಅದನ್ನೂ ಬರೆದುಕೊಳ್ಳಿ. ಎಷ್ಟೇ ಪುಟ ಇರಲಿ, ಗಾತ್ರ 1 ಕೆಬಿಯಷ್ಟೇ ತೋರಿಸುತ್ತದೆ. ಅದರಲ್ಲಿರುವುದು ಬರೀ ಲಿಂಕ್, ಬರಹ ಅಲ್ಲ. ಈಗ ಅದೇ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ವರ್ಡ್ ರೂಪದಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಡಿ. ನೆಟ್ ಇಲ್ಲದ ಬೇರೊಂದು ಪಿಸಿಗೆ ಪೆನ್‌ಡ್ರೈವ್ ಹಾಕಿ ಅದರಲ್ಲಿರುವುದನ್ನು ತೆರೆಯಲು ನೋಡಿ. ಯಾವುದು ತೆರೆಯಿತು, ಯಾಕೆ ಅಂತ ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯಿರಿ.