ವಶೀಲಿ: ಕೊಡುವುದಲ್ಲ, ಹಚ್ಚುವುದು

ಮೊನ್ನೆ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು: ‘ಟ್ರಾಫಿಕ್ ಪೊಲೀಸರು ನಮ್ಮ ಬೈಕ್ ಎತ್ತಿದರು, ಪಕ್ಕದ ಕಾರಿನವ ಐನೂರು ವಶೀಲಿ ಕೊಟ್ಟು ಪಾರಾದ.’ ಸಿಟ್ಟು ಸರಿ ಇದೆ, ಪದ ತಪ್ಪು. ಐನೂರು ಕೊಟ್ಟಿದ್ದರೆ ಅದು ಲಂಚ. ವಶೀಲಿಯನ್ನು ಯಾರೂ ಕೊಡುವುದಿಲ್ಲ, ಹಚ್ಚುತ್ತಾರೆ. ಹುಬ್ಬಳ್ಳಿ-ಧಾರವಾಡದವರೇ ಇದನ್ನು ಮರೆತರೆ ಹೇಗೆ?

ಮೂಲ ಅರಬ್ಬಿಯ ‘ವಸೀಲಾ’. ಒಬ್ಬರ ಹತ್ತಿರ ಹೋಗಲು ಇರುವ ದಾರಿ, ಆಸರೆ ಅಂತ ಅರ್ಥ. ‘ವಶ ಮಾಡಿಕೊಳ್ಳುತ್ತಾರಲ್ಲ, ಅದಕ್ಕೇ ವಶೀಲಿ’ ಅಂತ ಬಿಡಿಸಿ ಹೇಳುವವರಿದ್ದಾರೆ. ಕೇಳಲು ಚೆಂದ. ಆದರೆ ಸಂಸ್ಕೃತದ ವಶಕ್ಕೂ ಇದಕ್ಕೂ ನೆಂಟಸ್ತನವೇ ಇಲ್ಲ. ಹಾಗಾದರೆ ‘ಸ’ ಹೋಗಿ ‘ಶ’ ಬಂದದ್ದು ಎಲ್ಲಿಂದ? ಮರಾಠಿಯಿಂದ. ‘ಸಿ’ಯನ್ನು ‘ಶಿ’ ಮಾಡುವುದು ಆ ನಾಲಿಗೆಯ ರೂಢಿ. ವಸೀಲಾ ಅಲ್ಲಿ ವಶಿಲಾ ಆಯಿತು, ಸಿಪಾಹಿ ಶಿಪಾಯಿ ಆದ, ಸಿಫಾರಿಶ್ ಶಿಫಾರಸು ಆಯಿತು. 1956ರವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಭಾಗಕ್ಕೆ ಇಂಥ ಪದಗಳು ಬರಲು ಜಾಸ್ತಿ ದೂರವೇನೂ ಇರಲಿಲ್ಲ.

ಇನ್ನೊಂದು ಕಿರಿಕಿರಿ: ‘ದಂಡ ವಶೀಲಿ ಮಾಡಿದರು’. ಅಲ್ಲರೀ, ಅದು ವಸೂಲಿ! ಅದೂ ಅರಬ್ಬಿಯದೇ, ಆದರೆ ಬೇರೆ ಮನೆತನ. ‘ವುಸೂಲ್’ ಅಂದರೆ ಬಂದು ಸೇರುವುದು. ಎರಡಕ್ಕೂ ಅರಬ್ಬಿಯಲ್ಲಿ ‘ಸ’ ಅಕ್ಷರವೇ ಬೇರೆ ಬೇರೆ. ಕೆಲಸವಂತೂ ಪೂರ್ತಿ ಉಲ್ಟಾ: ವಶೀಲಿ ಇದ್ದಲ್ಲಿ ವಸೂಲಿ ಆಗುವುದೇ ಇಲ್ಲ.

ಸಂಜೆ ಕೊಪ್ಪಿಕರ್ ರಸ್ತೆಯಲ್ಲಿ ನಾನೇ ನೋಡಿದ್ದು. ಗಾಡಿ ಎತ್ತುವ ಲಾರಿ ಬಂತು. ನಾಲ್ಕೈದು ಬೈಕ್ ಸರಸರ ಮೇಲೇರಿದವು. ‘ಅಣ್ಣಾರ, ಒಂದ್ ನಿಮಿಷ ರೀ’ ಅಂತ ಒಬ್ಬ ಹುಡುಗ ಹ್ಯಾಂಡಲ್ ಹಿಡಿದುಕೊಂಡೇ ಓಡಿದ. ಯಾರೂ ಕೇಳಲಿಲ್ಲ. ನೋ ಪಾರ್ಕಿಂಗ್ ಫಲಕದ ಬುಡದಲ್ಲೇ ಒಂದು ಬಿಳಿ ಕಾರು. ಅದರ ಚಕ್ರಕ್ಕೆ ಬೀಗ ಹಾಕಲು ಒಬ್ಬರು ಬಗ್ಗಿದರು. ಕಾರಿನವ ಫೋನ್ ಹಚ್ಚಿ, ‘ತಗೋರಿ, ಸಾಹೇಬ್ರು ಮಾತಾಡ್ತಾರ’ ಅಂತ ಚಾಚಿದ. ಬಗ್ಗಿದವರು ಎದ್ದರು. ‘ಹೂಂ ರೀ, ಹೂಂ ರೀ’ ಎಂದರು. ಬೀಗ ಲಾರಿಗೆ ವಾಪಸ್ ಹೋಯಿತು. ಯಾರ ಕಿಸೆಯಿಂದಲೂ ಒಂದು ರೂಪಾಯಿ ಹೊರಬರಲಿಲ್ಲ. ಇದು ಅಪ್ಪಟ ವಶೀಲಿ.

ಅಂದರೆ ವಶೀಲಿಗೆ ಮೂವರು ಬೇಕು: ಸಿಕ್ಕಿಬಿದ್ದವ, ಬಿಡುವವ, ನಡುವಿನವ. ಆ ಸಾಹೇಬರೇ ಕಾರಿನಿಂದಿಳಿದು ದಬಾಯಿಸಿದ್ದರೆ ಅದು ದರ್ಪ. ‘ಪ್ರಭಾವ ಬಳಸಿ’ ಅಂತ ಬರೆದರೆ ಈ ನಡುವಿನವನೇ ಮಾಯ, ಅದಕ್ಕೇ ಆ ಮಾತು ನನಗೆ ಸಪ್ಪೆ. ಆಂಬುಲೆನ್ಸನ್ನು ಹಿಡಿಯದೆ ಬಿಟ್ಟರೆ ಅದು ರಿಯಾಯಿತಿ, ಅದನ್ನು ಇಲ್ಲಿ ಬೆರೆಸಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಜನರಿಗೆ ಅಡ್ಡಿಯಾಗುವಂತೆ ಗಾಡಿ ನಿಲ್ಲಿಸಬಾರದು ಅನ್ನುತ್ತದೆ. ಗಾಡಿ ಯಾರದು ಅಂತ ಅದು ಕೇಳುವುದಿಲ್ಲ, ಅದನ್ನು ಕೇಳುವುದು ರಸ್ತೆಯಲ್ಲಿ.

ವಶೀಲಿಬಾಜಿಯ ‘ಬಾಜಿ’ ಪಾರ್ಸಿಯದು, ಆಟ ಅಂತ. ದಗಾಬಾಜಿಯಲ್ಲಿ ಇರುವುದೂ ಅದೇ. ಒಮ್ಮೆ ಫೋನ್ ಹಚ್ಚಿದರೆ ವಶೀಲಿ, ಅದೇ ಚಾಳಿಯಾದರೆ ವಶೀಲಿಬಾಜಿ.

ಬೈಕ್ ಕಳೆದುಕೊಂಡ ಆ ಹುಡುಗನಿಗೆ ಮಾತ್ರ ಪದ ಸರಿಯಾಗಿ ಗೊತ್ತಿತ್ತು. ಲಾರಿ ಹೋದ ಮೇಲೆ ನನ್ನ ಕಡೆ ತಿರುಗಿ, ‘ನಮಗ ಯಾರ್ದ್ ವಶೀಲಿ ಐತ್ರೀ’ ಎಂದ. ‘ಯಾರ್ದು’ ಅಂದ, ನೋಡಿ. ‘ಎಷ್ಟು’ ಅನ್ನಲಿಲ್ಲ.