ತಿಂಗಳಿಗೆರಡು ಸಲ ಬೆನ್ನು ‘ಲಟಕ್’ ಅನ್ನಿಸಿದರೆ ಮೈಯ ಒತ್ತಡ ಇಳಿಯುತ್ತದೆಯೇ?

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ದಿನಕ್ಕೆ ಹತ್ತು ತಾಸು ಮಷೀನಿನ ಮುಂದೆ. ರಾತ್ರಿಗೆ ಕುತ್ತಿಗೆ, ಟೊಂಕ ಕಟ್ಟಿಗೆಯಾಗಿರುತ್ತವೆ. ಕೈರೋಪ್ರಾಕ್ಟಿಕ್ (ಬೆನ್ನು, ಕುತ್ತಿಗೆಯ ಕೀಲುಗಳಿಗೆ ಕೈಯಿಂದ ಝಟಕಾ ಕೊಡುವ ಚಿಕಿತ್ಸೆ) ಮಾಡುವವರೊಬ್ಬರು ‘ಮೈಯೊಳಗೆ ಒತ್ತಡ ತುಂಬಿದೆ, ಆರು ತಿಂಗಳ ಪ್ಯಾಕೇಜ್ ತಗೊಳ್ಳಿ’ ಅನ್ನುತ್ತಾರೆ. ತಗೊಳ್ಳಲೇ?

ಉತ್ತರ: ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ನೋವಿಗೆಂದು ನಾಲ್ಕಾರು ಸಲ ಹೋಗುವುದು ಬೇರೆ, ಒತ್ತಡ ಖಾಲಿ ಮಾಡಿಸಲು ತಿಂಗಳುಗಟ್ಟಲೆ ಹೋಗುವುದು ಬೇರೆ.

ಒತ್ತಡ ಕೀಲಿನಲ್ಲಿ ಶೇಖರವಾಗುವ ವಸ್ತುವಲ್ಲ. ತಲೆಯ ತೂಕ ಸುಮಾರು 5 ಕೆಜಿ. ಬಟ್ಟೆಯತ್ತ ಬಗ್ಗಿದಷ್ಟು ಹೊತ್ತೂ ಕುತ್ತಿಗೆಯ ಹಿಂದಿನ ಸ್ನಾಯುಗಳು ಆ ಭಾರವನ್ನು ಬಿಡುವಿಲ್ಲದೆ ಹಿಡಿದಿರುತ್ತವೆ. ಆರ್ಡರ್ ಮುಗಿಸುವ ಚಿಂತೆ, ನಿದ್ದೆಗೇಡು ಸೇರಿದರೆ ಅದೇ ನೋವು ಇಮ್ಮಡಿ ಅನ್ನಿಸುತ್ತದೆ. ಝಟಕಾ ಕೊಟ್ಟಾಗ ಬರುವ ಸದ್ದು ಜರುಗಿದ ಮೂಳೆ ಜಾಗಕ್ಕೆ ಕೂತದ್ದಲ್ಲ. ಕೀಲು ಅಗಲಿದಾಗ ಅದರ ದ್ರವದಲ್ಲಿ ಅನಿಲದ ಗುಳ್ಳೆ ಮೂಡುವ ಸದ್ದು. ಆ ಕೀಲು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಸ್ನಾಯು ಸಡಿಲಾಗಿ ಕೆಲವು ತಾಸು, ಕೆಲವೊಮ್ಮೆ ಒಂದೆರಡು ದಿನ ಹಗುರ ಅನ್ನಿಸುವುದು ನಿಜ. ಮರುದಿನ ಅದೇ ಸ್ಟೂಲು, ಅದೇ ಬಾಗು. ನೋವು ಮರಳುತ್ತದೆ, ಪ್ಯಾಕೇಜು ಬೇಕೇ ಬೇಕು ಅನ್ನಿಸುತ್ತದೆ.

1895ರಲ್ಲಿ ಅಮೆರಿಕದ ಡಿ.ಡಿ. ಪಾಮರ್ ಈ ಪದ್ಧತಿ ಆರಂಭಿಸಿದಾಗ, ಬಹುಪಾಲು ರೋಗಕ್ಕೆ ಜರುಗಿದ ಕಶೇರುಗಳೇ (ಬೆನ್ನುಮೂಳೆಯ ಮಣಿಗಳೇ) ಕಾರಣ ಎಂದಿದ್ದರು. ಆ ಸಿದ್ಧಾಂತ ನಿಲ್ಲಲಿಲ್ಲ. ಆದರೆ ಟೊಂಕದ ನೋವಿಗೆ ಇದರಿಂದ ಒಂದಿಷ್ಟು ಉಪಶಮನವಿದೆ, ಅದೂ ವ್ಯಾಯಾಮದಿಂದ ಸಿಗುವಷ್ಟೇ.

ನಮ್ಮ ಭಾಗದಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದದ್ದು, ಚಿಕ್ಕಂದಿನಿಂದ ಯಾವ ನೀರು ಕುಡಿದಿರಿ ಎಂದು. ಕೊಪ್ಪಳ, ರಾಯಚೂರು, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಅದನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ ಬಿಗಿದಿಡುವ ತಂತುಗಳಿಗೆ ಸುಣ್ಣ ಕಟ್ಟುತ್ತದೆ, ಬೆನ್ನುಮೂಳೆಯೊಳಗಿನ ನರಹುರಿಯ ದಾರಿ ಕಿರಿದಾಗಬಹುದು. ಹೊರನೋಟಕ್ಕೆ ಅದೂ ಬರೀ ಬಿಗಿತವೇ. ಆ ಬೆನ್ನಿಗೆ ಝಟಕಾ ಕೊಟ್ಟರೆ ಮೂಳೆ ಮುರಿಯಬಹುದು, ನರಹುರಿಗೆ ಪೆಟ್ಟಾಗಬಹುದು. ಮನೆಯಲ್ಲೇ ನೋಡಿಕೊಳ್ಳಿ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು, ಗದ್ದವನ್ನು ಎದೆಗೆ ತಾಗಿಸಲು, ಎರಡೂ ಕೈ ತಲೆಯ ಹಿಂದೆ ಕಟ್ಟಲು ಆಗುತ್ತದೆಯೇ? ಆಗದಿದ್ದರೆ, ಹಲ್ಲಿನ ಮೇಲೆ ಕಂದು ಪಟ್ಟೆಗಳೂ ಇದ್ದರೆ, ಮೂಳೆ ವೈದ್ಯರಿಂದ ಬೆನ್ನು ಮತ್ತು ಮುಂಗೈಯ ಎಕ್ಸ್‌ರೇ ಆಗುವವರೆಗೆ ಯಾರಿಗೂ ಬೆನ್ನು ಕೊಡಬೇಡಿ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ನೋವು ಇದ್ದರೂ ಅಷ್ಟೇ. ಬೆನ್ನುಮೂಳೆಯ ಕ್ಷಯ ಹೀಗೆ ಶುರುವಾಗಬಹುದು.

ಇವೇನೂ ಇಲ್ಲದಿದ್ದರೆ ಸ್ಟೂಲಿನಿಂದ ಆರಂಭಿಸಿ. ಹೊಲಿಯುವಾಗ ಮೊಣಕೈ ಟೇಬಲ್ಲಿನ ಮಟ್ಟಕ್ಕೆ ಬರುವಷ್ಟು ಎತ್ತರವಿರಲಿ. ಪೆಡಲ್ ದೂರವಿದ್ದರೆ ಸ್ಟೂಲಿನ ಅಂಚಿಗೆ ಕೂತು ಬಾಗುತ್ತೀರಿ, ಹತ್ತಿರ ಎಳೆದುಕೊಳ್ಳಿ. ಅರ್ಧ ತಾಸಿಗೊಮ್ಮೆ ಎದ್ದು ನಿಂತು ಕೈಗಳನ್ನು ಟೊಂಕಕ್ಕೆ ಕೊಟ್ಟು ಐದು ಸಲ ಹಿಂದಕ್ಕೆ ಬಾಗಿ, ಭುಜದ ಹಲಗೆಗಳನ್ನು ಐದೈದು ಸೆಕೆಂಡಿನಂತೆ ಹತ್ತು ಸಲ ಹಿಂದಕ್ಕೆ ಹಿಂಡಿ. ದಿನಾ ಅರ್ಧ ತಾಸು ನಡಿಗೆ. ರಾತ್ರಿ ಬಿಸಿನೀರಿನ ಚೀಲ 15 ನಿಮಿಷ, ನಡುವೆ ಬಟ್ಟೆ ಇಟ್ಟು.

ಆದರೂ ಹೋಗಬೇಕೆನಿಸಿದರೆ ಪ್ರತಿ ಸಲದ ದುಡ್ಡು ಆಯಾ ಸಲಕ್ಕೆ ಕೊಡಿ. ನಾಲ್ಕರಿಂದ ಆರು ಸಲದಲ್ಲಿ ನಿದ್ದೆ, ಕೆಲಸ ಸುಧಾರಿಸದಿದ್ದರೆ ನಿಲ್ಲಿಸಿ. ನಮ್ಮ ದೇಶದಲ್ಲಿ ಈ ಪದ್ಧತಿಗೆ ಪ್ರತ್ಯೇಕ ಮಂಡಳಿಯಿಲ್ಲ, ಎಲ್ಲಿ ಕಲಿತಿರಿ ಎಂದು ಕೇಳುವುದು ನಿಮ್ಮ ಹಕ್ಕು. ಕುತ್ತಿಗೆ ತಿರುಚುವುದು ಬೇಡ ಎಂದು ಮಲಗುವ ಮೊದಲೇ ಹೇಳಿ: ಅಪರೂಪಕ್ಕಾದರೂ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆಗಿದ್ದುಂಟು. ಝಟಕಾ ಕೊಡಿಸಿಕೊಂಡ ಮೇಲೆ ತಲೆಸುತ್ತು, ಎರಡೆರಡು ಕಾಣುವುದು, ತೊದಲು ಶುರುವಾದರೆ, ಇಲ್ಲವೇ ಯಾವಾಗಲಾದರೂ ಮೂತ್ರ ಕಟ್ಟಿ ತೊಡೆಸಂದು ಜೋಮು ಹಿಡಿದರೆ, ಬೆಳಗಾಗಲೆಂದು ಕಾಯದೆ ನೇರ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.