ಹೊಸ ಸ್ತನಕ್ಕೆ ಅಂಕ ಕೊಡೋರು ಯಾರು?

ಕ್ಯಾನ್ಸರ್‌ಗಾಗಿ ಸ್ತನ ತೆಗೆದ ಮೇಲೆ ಮತ್ತೊಂದನ್ನು ಕಟ್ಟಿಕೊಡುವ ಆಪರೇಷನ್ ಇದೆ. ಅದು ಚೆನ್ನಾಗಿ ಆಯ್ತಾ ಇಲ್ವಾ ಅಂತ ಹೇಳುತ್ತಿದ್ದವರು ಬಹಳ ಕಾಲ ಸರ್ಜನ್‌ಗಳೇ. ಮೊದಲಿನದೊಂದು ಫೋಟೋ, ಆಮೇಲಿನದೊಂದು ಫೋಟೋ. ಎರಡೂ ಕಡೆ ಅಳತೆ ಸರಿಯಿದೆ, ಸೋಂಕಾಗಿಲ್ಲ, ಮುಗೀತು. ಆ ಎದೆ ಹೊತ್ತು ದಿನವಿಡೀ ಓಡಾಡುವವಳಿಗೆ ಏನನ್ನಿಸುತ್ತೆ ಅಂತ ಅಳೆಯಲು ಗಟ್ಟಿಯಾದ ಸಾಧನವೇ ಇರಲಿಲ್ಲ.

2009ರಲ್ಲಿ ಆಂಡ್ರಿಯಾ ಪ್ಯೂಸಿಕ್ ಎಂಬ ಸರ್ಜನ್ ಮತ್ತು ಅವರ ಜೊತೆಗಾರರು ‘ಬ್ರೆಸ್ಟ್-ಕ್ಯೂ’ ಎಂಬ ಪ್ರಶ್ನಾವಳಿ ಪ್ರಕಟಿಸಿದರು. ಆಪರೇಷನ್ ಆದ ಹೆಂಗಸರನ್ನೇ ಮಾತಾಡಿಸಿ, ಅವರು ಹೇಳಿದ್ದರಿಂದ ಪ್ರಶ್ನೆಗಳನ್ನು ಹೆಕ್ಕಿದ್ದರು. ಬಟ್ಟೆ ಹಾಕಿಕೊಂಡು ಕನ್ನಡಿ ನೋಡಿದಾಗ ಹೇಗೆ ಕಾಣುತ್ತೆ? ಬಟ್ಟೆ ಇಲ್ಲದಾಗ? ಬ್ರಾ ಸರಿಯಾಗಿ ಕೂರುತ್ತಾ? ಉತ್ತರಗಳಿಂದ 0ಯಿಂದ 100ರವರೆಗೆ ಅಂಕ ಬರುತ್ತದೆ. ಸ್ತನದ ಬಗ್ಗೆ ಇರುವ ತೃಪ್ತಿಗೆ ಒಂದು ಅಂಕ. ಮನಸ್ಸಿನ ನೆಮ್ಮದಿ, ಲೈಂಗಿಕ ಬದುಕು, ಎದೆಯ ನೋವು-ಬಿಗಿತ, ಇವಕ್ಕೆಲ್ಲ ಬೇರೆ ಬೇರೆ ಅಂಕ. (ಸೀರೆ ಉಡುವವರ ಕೈಲಿ ಇದನ್ನು ಬರೆಸಿದ್ದರೆ ರವಿಕೆ ಒಂದು ಕಡೆ ಜೋಲುತ್ತಾ, ಸೆರಗು ನಿಲ್ಲುತ್ತಾ ಅನ್ನೋ ಪ್ರಶ್ನೆ ಖಂಡಿತ ಇರುತ್ತಿತ್ತು.)

ಈ ಸಾಧನ ಹಿಡಿದುಕೊಂಡು ಅಮೆರಿಕ ಮತ್ತು ಕೆನಡಾದ 11 ಕೇಂದ್ರಗಳು ಒಟ್ಟಾಗಿ ದೊಡ್ಡ ಅಧ್ಯಯನ ಮಾಡಿದವು. 2018ರಲ್ಲಿ ಬಂದ ಅದರ ಫಲಿತಾಂಶ ಸ್ವಲ್ಪ ವಿಚಿತ್ರವಾಗಿದೆ. ಅದಕ್ಕೆ ಮೊದಲು, ಸ್ತನ ಕಟ್ಟುವುದು ಹೇಗೆ ಅಂತ ನೋಡೋಣ.

ದಾರಿ ಮುಖ್ಯವಾಗಿ ಎರಡು. ಒಂದು, ಸಿಲಿಕೋನ್ ಅಥವಾ ಉಪ್ಪುನೀರು ತುಂಬಿದ ಇಂಪ್ಲಾಂಟ್ ಇಡುವುದು. ಆಪರೇಷನ್ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಇನ್ನೊಂದು, ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು ರಕ್ತನಾಳದ ಸಮೇತ ಎತ್ತಿ ಎದೆಗೆ ತರುವುದು. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ತಂದ ತುಂಡು ಬದುಕಬೇಕಾದರೆ ಅದರ ರಕ್ತನಾಳವನ್ನು ಎದೆಯ ರಕ್ತನಾಳಕ್ಕೆ ಜೋಡಿಸಬೇಕು. ಆ ನಾಳಗಳ ಅಗಲ ಎರಡು-ಮೂರು ಮಿಲಿಮೀಟರ್ ಅಷ್ಟೇ. ಮೈಕ್ರೋಸ್ಕೋಪ್ ಕೆಳಗೆ, ತಲೆಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿಯುತ್ತಾರೆ. ಆಮೇಲೂ ನರ್ಸ್ ರಾತ್ರಿಯೆಲ್ಲಾ ಬಂದು ಮುಟ್ಟಿ ನೋಡುತ್ತಾರೆ: ಬೆಚ್ಚಗಿದೆಯಾ, ಬಣ್ಣ ಸರಿ ಇದೆಯಾ, ಡಾಪ್ಲರ್ ಯಂತ್ರದಲ್ಲಿ ರಕ್ತ ಹರಿಯುವ ಸದ್ದು ಕೇಳುತ್ತಿದೆಯಾ? ನಾಳ ಕಟ್ಟಿಕೊಂಡರೆ ಆ ರಾತ್ರಿಯೇ ಮತ್ತೆ ಆಪರೇಷನ್.

ಇಷ್ಟು ಕಷ್ಟದ ಈ ಎರಡನೇ ದಾರಿಯಲ್ಲಿ ತೊಡಕುಗಳೂ ಜಾಸ್ತಿ. ಹೊಟ್ಟೆಯ ಮೇಲೆ ಉದ್ದದ ಗಾಯ ಬೇರೆ. ಆದರೂ ಎರಡು ವರ್ಷದ ನಂತರ ಕೇಳಿದಾಗ ತಮ್ಮ ಸ್ತನದ ಬಗ್ಗೆ ಹೆಚ್ಚು ತೃಪ್ತಿ ಹೇಳಿದವರು ಇವರೇ. 2,013 ಹೆಂಗಸರ ಲೆಕ್ಕದಲ್ಲಿ ಇಂಪ್ಲಾಂಟ್ ಇದ್ದವರಿಗಿಂತ ಇವರಿಗೆ ಸುಮಾರು 8 ಅಂಕ ಜಾಸ್ತಿ ಬಂತು. ಈ ಮಾಪನದಲ್ಲಿ 4 ಅಂಕದ ವ್ಯತ್ಯಾಸ ಇದ್ದರೆ ಅದು ನಿಜವಾಗಿ ಅನುಭವಕ್ಕೆ ಬರುತ್ತೆ ಅಂತ ಆಮೇಲಿನ ಲೆಕ್ಕಾಚಾರ ಹೇಳಿದೆ. ಅಂದರೆ 8 ಸಣ್ಣದೇನಲ್ಲ. ಮನಸ್ಸಿನ ನೆಮ್ಮದಿಯಲ್ಲಿ ಮಾತ್ರ ಅಂತರ 3 ಅಂಕದ ಆಸುಪಾಸು. ಅಲ್ಲಿ ಯಾರೂ ಗೆದ್ದರು ಅನ್ನುವ ಹಾಗಿಲ್ಲ.

ಯಾಕೆ ಹೀಗೆ? ಹೊಟ್ಟೆಯ ಕೊಬ್ಬು ಮೆತ್ತಗಿರುತ್ತದೆ, ಬೆಚ್ಚಗಿರುತ್ತದೆ, ವಯಸ್ಸಾದಂತೆ ಮೈ ಜೊತೆಗೇ ಜೋಲುತ್ತದೆ. ತೂಕ ಹೆಚ್ಚಾದರೆ ಅದೂ ದಪ್ಪಗಾಗುತ್ತದೆ! ಇಂಪ್ಲಾಂಟ್ ಹಾಗಲ್ಲ. ಅದರ ಸುತ್ತ ದೇಹ ತನ್ನದೇ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದುಕೊಂಡು ಎದೆ ಗಟ್ಟಿಯಾಗುತ್ತದೆ, ನೋಯುತ್ತದೆ. ರೇಡಿಯೇಷನ್ ಕೊಟ್ಟಿದ್ದರಂತೂ ಈ ಅಪಾಯ ಇನ್ನೂ ಹೆಚ್ಚು.

ಹಾಗಂತ ಎಲ್ಲರೂ ಹೊಟ್ಟೆಯಿಂದಲೇ ಮಾಡಿಸಿಕೊಳ್ಳಿ ಅಂತ ಹೇಳೋಕಾಗಲ್ಲ. ಯಾವ ದಾರಿ ಅಂತ ಇಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಹೆಂಗಸರು ಮತ್ತು ಅವರ ವೈದ್ಯರೇ ಆರಿಸಿಕೊಂಡಿದ್ದರು. ತೆಳ್ಳಗಿರುವವರ ಹೊಟ್ಟೆಯಲ್ಲಿ ತೆಗೆಯಲು ಕೊಬ್ಬೇ ಸಾಲದಿರಬಹುದು. ಎದೆಗೆ ಸಿಕ್ಕ ತೃಪ್ತಿಗೆ ಹೊಟ್ಟೆ ಬೆಲೆ ಕೊಡುತ್ತದೆ ಅನ್ನುವುದನ್ನೂ ಮರೆಯಬಾರದು. ಎರಡು ವರ್ಷ ಕಳೆದರೂ ಹೊಟ್ಟೆಯ ಶಕ್ತಿ, ಆರಾಮ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ.

ಫೋಟೋದಲ್ಲಿ ಎಂದೂ ಕಾಣದ ಸಂಗತಿ ಇನ್ನೊಂದಿದೆ: ಸ್ಪರ್ಶ. ಸ್ತನ ತೆಗೆಯುವಾಗ ಪಕ್ಕೆಲುಬುಗಳ ನಡುವಿಂದ ಚರ್ಮಕ್ಕೆ ಬರುವ ನರಗಳು ಕತ್ತರಿಸಿ ಹೋಗುತ್ತವೆ. ಹೊಸ ಸ್ತನ ನೋಡಲು ಎಷ್ಟೇ ಚೆನ್ನಾಗಿರಲಿ, ಹೆಚ್ಚಿನವರಿಗೆ ಅಲ್ಲಿ ಮರಗಟ್ಟಿದ ಹಾಗೇ ಇರುತ್ತದೆ. ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಮಲಗಿ, ಗೊತ್ತೇ ಆಗದೆ ಚರ್ಮ ಸುಟ್ಟುಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಈಗ ಕೆಲವು ಸರ್ಜನ್‌ಗಳು ನರವನ್ನೂ ಜೋಡಿಸುತ್ತಾರೆ. ಆದರೂ ಮೊದಲಿನ ಸ್ಪರ್ಶ ಪೂರ್ತಿ ಮರಳುತ್ತೆ ಅನ್ನುವ ಭರವಸೆ ಇಲ್ಲ. ಇದನ್ನು ಮೊದಲೇ ತಿಳಿದು ಒಪ್ಪಿದವಳಿಗೂ, ಆಪರೇಷನ್ ಆದ ಮೇಲೆ ತಾನಾಗಿ ಕಂಡುಕೊಂಡವಳಿಗೂ ಒಂದೇ ತೃಪ್ತಿ ಇರೋಕೆ ಸಾಧ್ಯವಾ? ಸಾಕಷ್ಟು ಮಾಹಿತಿ ಸಿಕ್ಕಿತ್ತು ಅನ್ನುವವರಲ್ಲಿ ‘ಯಾಕಾದರೂ ಮಾಡಿಸಿಕೊಂಡೆನೋ’ ಎಂಬ ಪಶ್ಚಾತ್ತಾಪ ಕಡಿಮೆ ಅಂತ ಅಧ್ಯಯನಗಳು ತೋರಿಸಿವೆ. ನನ್ನ ಮಟ್ಟಿಗೆ, ಯಾವ ಆಪರೇಷನ್ ಅನ್ನುವಷ್ಟೇ ಇದೂ ಮುಖ್ಯ.

ಏನೂ ಕಟ್ಟಿಸಿಕೊಳ್ಳದೆ ಎದೆಯನ್ನು ಸಪಾಟಾಗಿಯೇ ಬಿಡಿಸಿಕೊಳ್ಳುವವರೂ ಇದ್ದಾರೆ. 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಇಂಥ 931 ಹೆಂಗಸರ ಪೈಕಿ 74% ಮಂದಿ ತಮಗೆ ತೃಪ್ತಿಯಿದೆ ಅಂದರು. ಆನ್‌ಲೈನ್ ಗುಂಪುಗಳಿಂದ ಸೇರಿಸಿದ ಹೆಂಗಸರಾದ್ದರಿಂದ ಅಂಕಿಯನ್ನು ಸ್ವಲ್ಪ ಹುಷಾರಾಗಿ ಓದಬೇಕು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಕಣ್ಣಿಗೆ ಹೊಡೆಯುತ್ತದೆ. 22% ಮಂದಿಗೆ ಈ ದಾರಿಯನ್ನು ಡಾಕ್ಟರ್ ಹೇಳಲೇ ಇಲ್ಲ, ಅಥವಾ ಅವರ ನಿರ್ಧಾರಕ್ಕೆ ಬೆಂಬಲ ಸಿಗಲಿಲ್ಲ, ಅಥವಾ ‘ಮುಂದೆ ಮನಸ್ಸು ಬದಲಾದರೆ ಇರಲಿ’ ಅಂತ ಬೇಡ ಅಂದರೂ ಹೆಚ್ಚುವರಿ ಚರ್ಮವನ್ನು ಹಾಗೇ ಜೋತುಬಿಟ್ಟಿದ್ದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತನ್ನ ಪದಕೋಶಕ್ಕೆ ಸಪಾಟಾಗಿ, ಅಚ್ಚುಕಟ್ಟಾಗಿ ಎದೆ ಮುಚ್ಚುವ ಆಪರೇಷನ್ನಿಗೆ ಒಂದು ಹೆಸರು ಸೇರಿಸಿದ್ದು 2020ರಲ್ಲಿ.